ಹೆದ್ದಾರಿಯಲ್ಲಿ ತೊಡೆದೇವು

ನಮ್ಮ ಕಾರಿಗೆ ಇರುವೆ ಹತ್ತಿದೆ. ಗೆದ್ದಲು ಹತ್ತಿದ ಬಾಗಿಲು ನೀವು ನೋಡಿರಬಹುದು, ಹುಳ ಹಿಡಿದ ಅಕ್ಕಿ ನೋಡಿರಬಹುದು, ಕಾರಿಗೆ ಇರುವೆ ಹತ್ತಿದ್ದನ್ನು ಕೇಳಿರಲಾರಿರಿ. ನಿನ್ನೆ ಬೆಳಿಗ್ಗೆ ತೊಳೆಯೋಣವೆಂದು ಬಾಗಿಲು ತೆಗೆದರೆ ಮುಂದಿನ ಸೀಟಿನ ಸಂದಿಯಿಂದ ಒಂದು ಸಾಲು ಹೊರಟು, ಹ್ಯಾಂಡ್ ಬ್ರೇಕನ್ನು ಸುತ್ತಿಕೊಂಡು, ಬಾಗಿಲ ರಬ್ಬರಿನ ಗುಂಟ ಇಳಿದು ಅಂಗಳಕ್ಕೆ ಹೋಗುತ್ತಿತ್ತು. ಏನು ಶಿಸ್ತು ಅಂತೀರಿ. ಹೋಗುವವು ಒಂದು ಬದಿ, ಬರುವವು ಇನ್ನೊಂದು ಬದಿ. ಯಾವುದೂ ಹಿಂದಿನಿಂದ ಬಂದು ಮುಂದಿನದರ ತಲೆ ಮೇಲೆ ಹತ್ತಲಿಲ್ಲ, ತಿರುವಿನಲ್ಲಿ ಮುನ್ನುಗ್ಗಲಿಲ್ಲ, ನಡುದಾರಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳಲಿಲ್ಲ. ಇವುಗಳಿಗೆ ಲೈಸೆನ್ಸ್ ಕೊಟ್ಟವರು ಯಾರೋ, ನಮಗೂ ಅವರೇ ಕೊಡಬಾರದಿತ್ತೇ ಅನ್ನಿಸಿತು. ಸಂದಿಗೆ ಬೆರಳು ಹಾಕಿ ನೋಡಿದೆ. ಸಿಕ್ಕಿದ್ದು ತೊಡೆದೇವಿನ ಚೂರು.

ತೊಡೆದೇವು ಅಂದರೆ ಏನೆಂದು ಬಯಲುಸೀಮೆಯವರಿಗೆ ಸ್ವಲ್ಪ ಹೇಳಬೇಕಾಗುತ್ತದೆ. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ ಕಾಯಿಸಬೇಕು. ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಬೆನ್ನಿಗೆ ಒಮ್ಮೆ ಸವರಬೇಕು. ಬಿಸಿ ಇರುವಾಗಲೇ ಎಬ್ಬಿಸಿ ಮಡಚಬೇಕು, ಒಂದು ಉಸಿರು ತಡವಾದರೆ ಪುಡಿ. ನಾನು ಸಾಗರದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು, ಕಾಗದದ ವಿಷಯದಲ್ಲಿ ನನ್ನ ಮಾತು ನಂಬಬಹುದು. ಲಗ್ನಪತ್ರಿಕೆಯ ಕಾಗದ ಹಾಗಿರಲಿ, ಚುನಾವಣೆಯ ಕರಪತ್ರದ ಕಾಗದವೂ ಅದಕ್ಕಿಂತ ದಪ್ಪ. ಬಾಯಿಗಿಟ್ಟರೆ ಕರಗುತ್ತದೆ, ಬೆರಳು ಬಲವಾಗಿ ತಾಗಿದರೆ ಒಡೆಯುತ್ತದೆ. ಅಂಥದ್ದನ್ನು ಸಾಗರದಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಒಯ್ಯುತ್ತೇನೆಂದು ಒಪ್ಪಿಕೊಂಡ ಮಹಾನುಭಾವ ನಾನು.

ಮಾಡುವವಳು ನನ್ನ ಹೆಂಡತಿ ವಿಶಾಲಾಕ್ಷಿ. ಇದರಲ್ಲಿ ಅವಳದು ಎತ್ತಿದ ಕೈ. ನಮ್ಮ ಬಳಗದಲ್ಲಿ ಯಾರ ಮನೆಯ ಉಪನಯನವಿದ್ದರೂ ಇವಳನ್ನು ಕರೆದು ಒಲೆಯ ಮುಂದೆ ಕೂರಿಸುವುದು, ಕೊನೆಗೆ ಒಂದು ರವಿಕೆ ಕಣ ಕೊಟ್ಟು, ನಿನ್ನ ಹಾಗೆ ಯಾರಿಗೂ ಬರುವುದಿಲ್ಲ ಎಂದು ಹೊಗಳಿ ಕಳಿಸುವುದು. ನಮ್ಮ ಬೀರುವಿನಲ್ಲಿ ಹೊಗಳಿಕೆಯ ರವಿಕೆ ಕಣಗಳು ಒಂದು ಅಂಗಡಿ ಇಡುವಷ್ಟಿವೆ. ತನ್ನ ಹೆಸರಿನಲ್ಲಿ ತನ್ನದೇ ಒಂದು ವ್ಯವಹಾರ ನಡೆಯಬೇಕು ಎಂಬ ಆಸೆ ಅವಳಿಗಿತ್ತು. ಅದನ್ನು ಅವಳು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದು ಒಮ್ಮೆ, ನಾನು ಕನ್ನಡಕ ಒರೆಸುತ್ತಾ ನೋಡೋಣ ಅಂದಿದ್ದೆ. ಅವಳು ಕಾದು ನೋಡುವ ಪೈಕಿ ಅಲ್ಲ. ಒಂದು ದಿನ ತಾನೇ ತೀರ್ಥಹಳ್ಳಿಯ ಗಣಪಣ್ಣನಿಗೆ ಫೋನು ಹಚ್ಚಿದಳು.

ಗಣಪಣ್ಣ ಮದುವೆಮನೆಗಳ ಅಡುಗೆ ಕಂತ್ರಾಟು ಹಿಡಿಯುವವರು. ತೀರ್ಥಹಳ್ಳಿ ಸುತ್ತಿನ ಮದುವೆಗಳಲ್ಲಿ ವರನ ಮುಹೂರ್ತ ತಪ್ಪಿದರೂ ತಪ್ಪೀತು, ಗಣಪಣ್ಣನ ಸಾರು ಕುದಿಯುವ ಹೊತ್ತು ತಪ್ಪುವುದಿಲ್ಲ ಅನ್ನುತ್ತಾರೆ. ಅವರು ಎಲ್ಲ ಕೇಳಿಸಿಕೊಂಡು ಹೇಳಿದರಂತೆ: "ತಂಗೀ, ನಿನ್ ಕೈ ಮೇಲೆ ನಂಗೆ ಅನುಮಾನ ಇಲ್ಲ. ರಸ್ತೆ ಮೇಲೆ ಅನುಮಾನ. ಮದುಮಗನ ಬಾಳೆಗೆ ಚೂರು ಬಡ್ಸಕ್ಕಾಗಲ್ಲ ನೋಡು." ಒಂದು ಮದುವೆಗೆ ತಂದುಕೊಡು, ಇಡಿಯಾಗಿ ಬಂದರೆ ಈ ಸಲದ ಮದುವೆಗಳಿಗೆಲ್ಲ ನಿನ್ನದೇ, ಚೂರಾಗಿ ಬಂದರೆ ಇಬ್ಬರೂ ಮರೆತುಬಿಡೋಣ ಎಂದು ಮಾತಾಯಿತು. ಆಮೇಲೆ ಒಂದು ವಾರ ಮನೆಯಲ್ಲಿ ಕಬ್ಬಿನ ಹಾಲಿನ ವಾಸನೆ ಬಿಟ್ಟರೆ ಬೇರೆ ಸುದ್ದಿಯಿಲ್ಲ. ಹೊರಡುವ ಹಿಂದಿನ ದಿನ ಅವಳು ಊಟ ಮಾಡಿದ್ದನ್ನು ನಾನು ನೋಡಲಿಲ್ಲ.

ಹೊರಟೆವು. ಎರಡು ತಗಡಿನ ಡಬ್ಬ, ತಳಕ್ಕೆ ಹಳೆಯ ಹತ್ತಿ ಸೀರೆ, ಮೇಲೆ ಇನ್ನೊಂದು. ಒಂದು ಡಬ್ಬಕ್ಕೆ ನನ್ನ ಪಕ್ಕದ ಸೀಟು ಕೊಟ್ಟು ಬೆಲ್ಟ್ ಕಟ್ಟಿದ್ದಾಯಿತು. ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹಿಂದೆ ಕೂತಳು. ನಾನು ಸೀಟ್ ಬೆಲ್ಟನ್ನು ಪೊಲೀಸರು ಕಂಡಾಗ ಕಟ್ಟಿಕೊಳ್ಳುವವನು, ಆವತ್ತು ಅವಳು ಹೇಳಿದ್ದಕ್ಕೆ ಮೊದಲೇ ಕಟ್ಟಿಕೊಂಡೆ.

ಹೆದ್ದಾರಿ ಅಂದರೆ ನಮ್ಮ ಕಡೆ ಮೊದಲಿದ್ದ ರಸ್ತೆಯೇ, ನಡುವೆ ಬಿಳಿ ಗೀಟು ಎಳೆದಿರುತ್ತಾರೆ. ಆ ಗೀಟಿನ ಮೇಲೆ ಎಡದ ಚಕ್ರ ಒಂದು ಕಡೆ, ಬಲದ ಚಕ್ರ ಇನ್ನೊಂದು ಕಡೆ ಬರುವ ಹಾಗೆ ಓಡಿಸಬೇಕೆಂದು ಬಹಳ ಜನ ತಿಳಿದಿದ್ದಾರೆ. ನನಗೆ ಯಾರ ಮೇಲೂ ದ್ವೇಷವಿಲ್ಲ. ರಸ್ತೆಯಲ್ಲಿ ನಾನೊಬ್ಬ ಸರಿಯಾಗಿ ಓಡಿಸುವವನು ಎಂಬುದು ಇಷ್ಟು ವರ್ಷದ ಅನುಭವದಿಂದ ತಿಳಿದ ಸಂಗತಿ, ಅಷ್ಟೇ. ಉಳಿದವರಿಗೆ ಅದನ್ನು ಆಗಾಗ ಹಾರ್ನ್ ಹೊಡೆದು, ಲೈಟ್ ಮಿನುಗಿಸಿ, ಕಿಟಕಿ ಇಳಿಸಿ ತಿಳಿಸಿಕೊಡುವುದು ಒಂದು ಸಮಾಜಸೇವೆ ಎಂದುಕೊಂಡಿದ್ದೇನೆ. ಸಂಬಳವಿಲ್ಲ.

ಸಾಗರ ದಾಟುತ್ತಲೇ ಮುಂದೆ ತೀರ್ಥಹಳ್ಳಿಗೆ ಹೋಗುವ ಹಸಿರು ಪ್ರೈವೇಟ್ ಬಸ್ಸು ಸಿಕ್ಕಿತು. ಈ ಬಸ್ಸಿನ ಹಿಂದೆ ಸಿಕ್ಕಿಹಾಕಿಕೊಳ್ಳುವುದೆಂದರೆ ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬಳು ಅಜ್ಜಿ ಮನೆಬೇಲಿಯ ದಣಪೆಯ ಹತ್ತಿರ ಕಂಡರೆ ನಿಲ್ಲುತ್ತದೆ. ಅಜ್ಜಿ ಬರುವುದಿಲ್ಲ, ಕೊತ್ತಂಬರಿ ಬೀಜ ತರಲು ಹೇಳಲಿಕ್ಕೆ ನಿಂತಿದ್ದಾಳೆ. ಮುಂದೆ ಒಂದು ಕಡೆ ಔಷಧಿ ಪೊಟ್ಟಣ ಇಳಿಸುತ್ತಾರೆ, ಮತ್ತೊಂದು ಕಡೆ ಕುಕ್ಕರಿನ ಗ್ಯಾಸ್ಕೆಟ್. ಎದುರಿಂದ ಇವರದೇ ಇನ್ನೊಂದು ಬಸ್ಸು ಬಂದರೆ ಎರಡೂ ಅಕ್ಕಪಕ್ಕ ನಿಂತು, ಡ್ರೈವರುಗಳು ಕಿಟಕಿಯಿಂದ ಕಿಟಕಿಗೆ ಕ್ಷೇಮಸಮಾಚಾರ ಕೇಳುತ್ತಾರೆ. ಹಿಂದೆ ಇಬ್ಬದಿಯಲ್ಲೂ ವಾಹನಗಳು ಸಾಲುಗಟ್ಟಿದರೆ ಅದು ಊರಿಗೊಂದು ಕಳೆ.

ನಾನು ಚಿಕ್ಕವನಿದ್ದಾಗ ಹೀಗಿರಲಿಲ್ಲ ಎನ್ನಬೇಕೆಂದು ನಾಲಿಗೆ ತುದಿಗೆ ಬರುತ್ತದೆ. ಆದರೆ ಆಗ ಇದಕ್ಕಿಂತ ನಿಧಾನವಿತ್ತು. ಡ್ರೈವರ್ ಪಕ್ಕದ ಇಂಜಿನ್ನಿನ ಮುಚ್ಚಳದ ಮೇಲೆ ಕೂತು ನಾನು ಹೊಸನಗರಕ್ಕೆ ಅತ್ತೆ ಮನೆಗೆ ಹೋಗುತ್ತಿದ್ದೆ. ಚಡ್ಡಿಯ ಕೆಳಗೆ ಬೆಚ್ಚಗೆ, ಮೂಗಿಗೆ ಡೀಸೆಲ್ಲು, ಕಣ್ಣಿಗೆ ಇಡೀ ರಸ್ತೆ. ಒಮ್ಮೆ ಗದ್ದೆಯಾಚೆಯಿಂದ ಯಾರೋ ಕೈ ಬೀಸಿದರೆಂದು ಬಸ್ಸು ನಿಂತಿತು. ಆ ಮನುಷ್ಯ ಗದ್ದೆ ಅಂಚಿನ ಮೇಲೆ ನಡೆದು, ಹಳ್ಳದಲ್ಲಿ ಕಾಲು ತೊಳೆದು, ಚಪ್ಪಲಿ ಮೆಟ್ಟಿ, ಬಂದು ಹತ್ತುವವರೆಗೆ ನಾವು ಇಡೀ ಬಸ್ಸಿನವರು ಅವನನ್ನೇ ನೋಡುತ್ತಾ ಕೂತಿದ್ದೆವು. ಯಾರೂ ಗೊಣಗಲಿಲ್ಲ. ಅದಕ್ಕೂ ಹಿಂದೆ ಅಜ್ಜನ ಎತ್ತಿನ ಗಾಡಿಯ ಕಾಲದಲ್ಲಿ ಎರಡು ಗಾಡಿ ಎದುರುಬದುರಾದರೆ ಹೇರಿದ ಗಾಡಿಗೆ ದಾರಿ, ಖಾಲಿ ಗಾಡಿ ಬದಿಗೆ ಇಳಿಯಬೇಕು ಎಂಬ ಕಟ್ಟಳೆ ಇತ್ತು. ಈಗ ಯಾರ ಗಾಡಿಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? ಗಾಜಿಗೆ ಕಪ್ಪು ಹಾಳೆ ಅಂಟಿಸಿರುತ್ತಾರೆ.

ಆ ಹಸಿರು ಬಸ್ಸನ್ನು ನಾನು ಬಟ್ಟೆಮಲ್ಲಪ್ಪ ಎಂಬ ಊರಿಗೆ ಮೊದಲೇ ಹಿಂದೆ ಹಾಕಿದೆ. ಬಹಳ ಚೆನ್ನಾಗಿ ಹಾಕಿದೆ. ಹಿಂದಿನ ಸೀಟಿನಿಂದ ಉಸಿರು ಒಳಗೆಳೆದುಕೊಂಡ ಸದ್ದು ಬಂತು. ಬಸ್ಸು ದಾಟಿದರೆ ಮುಂದೆ ಒಂದು ಜೀಪು. ರಸ್ತೆ ಬದಿಯ ಚೌಡಿಕಟ್ಟೆ ಬಂದ ಕೂಡಲೇ ಜೀಪಿನ ಯಜಮಾನರು ಸ್ಟೇರಿಂಗಿನಿಂದ ಎರಡೂ ಕೈ ತೆಗೆದು, ಕಣ್ಣು ಮುಚ್ಚಿ ನಮಸ್ಕಾರ ಮಾಡಿದರು. ಅಷ್ಟು ಹೊತ್ತು ಜೀಪನ್ನು ಚೌಡಿಯೇ ನಡೆಸಿರಬೇಕು, ಯಾಕೆಂದರೆ ಅದು ಅವರು ಓಡಿಸುವಾಗಿನದಕ್ಕಿಂತ ನೆಟ್ಟಗೆ ಹೋಯಿತು. ಅವರ ಹಿಂದೆ ಬೈಕಿನ ಮೇಲೊಬ್ಬ ಬಲಕ್ಕೆ ಇಂಡಿಕೇಟರ್ ಹಾಕಿಕೊಂಡು ಹೋಗುತ್ತಿದ್ದ. ಈಗ ತಿರುಗುತ್ತಾನೆ, ಇನ್ನೇನು ತಿರುಗುತ್ತಾನೆ ಎಂದು ನಾನು ನಿಧಾನ ಮಾಡಿದೆ. ಬಲಕ್ಕೆ ರಸ್ತೆಗಳು ಬಂದವು, ಹೋದವು. ಕೊನೆಗೆ ಅವನು ಎಡಕ್ಕೆ ತಿರುಗಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಬಿಳಿಯ ದೊಡ್ಡ ಕಾರು ಬಂತು. ಮೇಲಿನ ಗಾಜು ಸರಿಸಿ ಇಬ್ಬರು ಹುಡುಗರು ಸೊಂಟದವರೆಗೆ ಹೊರಗೆ ಬಂದು ನಿಂತಿದ್ದರು, ಒಬ್ಬನ ಕೈಯಲ್ಲಿ ಮೊಬೈಲು. ನಗರ ಎಂಬ ಊರಿನ ಕೋಟೆ ನೋಡಲು ಹೊರಟವರಿರಬೇಕು. ಆ ಕಾರು ನನ್ನ ಬೆನ್ನಿಗೆ ಎಷ್ಟು ಹತ್ತಿರ ಬಂತೆಂದರೆ ಕನ್ನಡಿಯಲ್ಲಿ ಅದರ ಕಂಪನಿಯ ಮುದ್ರೆ ಬಿಟ್ಟು ಬೇರೇನೂ ಕಾಣಲಿಲ್ಲ. ಹಾರ್ನು ಬೇರೆ, ನಿಲ್ಲಿಸದೆ. ಇಂಥವರಿಗೆ ಪಾಠ ಕಲಿಸಲು ನನ್ನ ಹತ್ತಿರ ಒಂದು ಕ್ರಮವಿದೆ. ಬ್ರೇಕನ್ನು ಥಟ್ಟನೆ ಒಮ್ಮೆ ಒತ್ತಿ ಬಿಡುವುದು. ಹಿಂದಿನವನಿಗೆ ಜೀವ ಬಾಯಿಗೆ ಬರುತ್ತದೆ, ಅಂತರ ಎಂದರೇನೆಂದು ತಿಳಿಯುತ್ತದೆ. ಒತ್ತಿದೆ. ಅವರಿಗೆ ತಿಳಿಯಿತೋ ಇಲ್ಲವೋ, ನನ್ನ ಪಕ್ಕದ ಡಬ್ಬದೊಳಗೆ ಒಣಎಲೆ ತುಳಿದಂಥ ಸದ್ದಾಯಿತು.

ನಾನು ಅದನ್ನು ಕೇಳಿಸಿಕೊಳ್ಳದವನಂತೆ ರಸ್ತೆ ನೋಡಿದೆ. ಕಾರು ನಮ್ಮನ್ನು ದಾಟಿ ಹೋಯಿತು, ಮೇಲೆ ನಿಂತ ಹುಡುಗ ನನ್ನ ಕಡೆಗೂ ಮೊಬೈಲು ತಿರುಗಿಸಿದ. ಈಗ ನಾನು ಎಲ್ಲೆಲ್ಲಿ ಹರಿದಾಡುತ್ತಿದ್ದೇನೋ ಗೊತ್ತಿಲ್ಲ. ಮುಂದಿನ ತಿರುವಿನಲ್ಲಿ ಎರಡು ಕಾರುಗಳು ಮೂತಿಗೆ ಮೂತಿ ದಾಟಿ, ಕಿಟಕಿಗೆ ಕಿಟಕಿ ತಾಗಿಸಿ ನಿಂತಿದ್ದವು. ಒಬ್ಬರು ಇನ್ನೊಬ್ಬರಿಗೆ ಭಾವನ ಮಂಡಿ ಆಪರೇಷನ್ನಿನ ವಿವರ ಹೇಳುತ್ತಿದ್ದರು. ನಾನು ನಿಲ್ಲಿಸಿದ್ದನ್ನು ನೋಡಿ ಕೇಳುಗನೊಬ್ಬ ಹೆಚ್ಚಾದನೆಂದು ಸಂತೋಷಪಟ್ಟಂತೆ ನನಗೂ ಕೈ ಮಾಡಿದರು. ನಾನು ನಿಲ್ಲಿಸಿದ ರೀತಿಯೂ ಅಂಥದ್ದೇ, ಮತ್ತೊಮ್ಮೆ ಆ ಸದ್ದು ಬಂತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಮೊದಲನೆಯ ಸದ್ದಿಗೆ ಕಾರಣ ಬಿಳಿ ಕಾರು, ಎರಡನೆಯದಕ್ಕೆ ಕಾರಣ ಯಾರದೋ ಭಾವನ ಮಂಡಿ. ಈ ಅಭಿಪ್ರಾಯವನ್ನು ನಾನು ಇವತ್ತಿಗೂ ಬದಲಿಸಿಲ್ಲ.

ಹೊಸನಗರ ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ವಿಶಾಲಾಕ್ಷಿ ನಿಲ್ಲಿಸಿ ಅಂದಳು. ಚಹಾಕ್ಕಿರಬೇಕೆಂದು ನಿಲ್ಲಿಸಿದೆ. ಅವಳು ಇಳಿದು, ಮುಂದಿನ ಬಾಗಿಲು ತೆಗೆದು, ಬೆಲ್ಟ್ ಬಿಚ್ಚಿ, ಡಬ್ಬದ ಮುಚ್ಚಳ ತೆಗೆದಳು. ಮೇಲಿನ ಸೀರೆ ಸರಿಸಿದಳು. ಮೇಲಿನ ಸಾಲು ಪೂರ್ತಿ ಚೂರು. ಅವಳು ಬೈಯುತ್ತಾಳೆಂದು ನಾನು ಉತ್ತರವನ್ನೆಲ್ಲ ಸಿದ್ಧಮಾಡಿಕೊಂಡಿದ್ದೆ, ಬಿಳಿ ಕಾರಿನ ನಂಬರ್ ಕೂಡ ಬಾಯಿಪಾಠವಾಗಿತ್ತು. ಅವಳು ಬೈಯಲಿಲ್ಲ. ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ಸೆರಗು ತುಂಬಿ ಒಂದಷ್ಟು ಸೀಟಿಗೂ ಬಿತ್ತು. ಗಡಿಗೆಯ ಬಿಸಿಗೆ ಸುಟ್ಟುಕೊಂಡ ಅವಳ ಬೆರಳ ತುದಿಗಳು ಕೆಂಪಾಗಿದ್ದವು, ಒಂದು ವಾರದಿಂದ ಹಾಗೇ ಇದ್ದಿರಬೇಕು. ನಾನು ನೋಡಿದ್ದು ಆಗ. ನನಗೆ ಬಹಳ ಸಂಕಟವಾಯಿತು. ಸಂಕಟವಾದಾಗ ನಾನು ವಾದ ಮಾಡುತ್ತೇನೆ.

"ಎನ್ನ ತಪ್ಪು ಎಂತ ಇದ್ದು ಇದ್ರಲ್ಲಿ?" ಅಂದೆ.

"ನಿಂಗೊ ಯಾರ ಮೇಲೆ ಸಿಟ್ಟು ಮಾಡಿದ್ರೂ ಒಡ್ಯದು ಎನ್ನ ತೊಡೆದೇವು," ಅಂದಳು. ಧ್ವನಿ ಏರಿಸಲಿಲ್ಲ.

ಅಷ್ಟರಲ್ಲಿ ಆ ಹಸಿರು ಬಸ್ಸು ಬಂದು ನಿಂತಿತು. ನಾನು ಶ್ರಮಪಟ್ಟು ಹಿಂದೆ ಹಾಕಿದ್ದ ಅದೇ ಬಸ್ಸು, ದಾರಿಯುದ್ದಕ್ಕೂ ಬೀಜ ಗ್ಯಾಸ್ಕೆಟ್ಟುಗಳ ವಿಲೇವಾರಿ ಮಾಡಿಕೊಂಡು, ನಾವು ಒಂದು ಡಬ್ಬ ಬಿಚ್ಚಿ ನೋಡುವುದರೊಳಗೆ ಬಂದಿತ್ತು. ವಿಶಾಲಾಕ್ಷಿ ಚೂರು ತುಂಬಿದ ಸೆರಗನ್ನು ಗಂಟು ಹಾಕಿ, ಒಂದು ಡಬ್ಬ ಎತ್ತಿಕೊಂಡು ಹೋಗಿ ಹತ್ತಿದಳು. ಇನ್ನೊಂದನ್ನು ತಂದುಕೊಡಿ ಎಂದು ಬಾಗಿಲಿನಿಂದ ಕೈ ಮಾಡಿದಳು. ನಾನು ಒಯ್ದುಕೊಟ್ಟೆ. ಡ್ರೈವರ್ ತನ್ನ ಹಿಂದಿನ ಸೀಟಿನವರನ್ನು ಎಬ್ಬಿಸಿ ಅವಳಿಗೆ ಜಾಗ ಮಾಡಿಸಿದ. ಡಬ್ಬದಲ್ಲಿ ಏನು, ಯಾರ ಮದುವೆ, ಎಲ್ಲಿಯ ಹುಡುಗಿ ಎಂದೆಲ್ಲ ವಿಚಾರಿಸಿದ. ಅವನ ಸ್ವಭಾವವೇ ಅದು, ಹಾಗೆ ಕೇಳಿಕೇಳಿಯೇ ತಡವಾಗುವುದು. ಆಮೇಲೆ ಹೇಳಿದ: "ಅಮ್ಮಾ, ಮಡ್ಲಲ್ಲಿ ಇಟ್ಕಳಿ. ಹಂಪು ಬಂದಾಗೆಲ್ಲ ನಾನು ಹೇಳ್ತೀನಿ, ಆಗ ಒಂಚೂರು ಎತ್ತಿ ಹಿಡ್ಕಳಿ."

ಎರಡನೆಯ ಡಬ್ಬವನ್ನು ಪಕ್ಕದ ಸೀಟಿನ ಹೆಂಗಸು ತನ್ನ ಮಡಿಲಿಗೆ ತೆಗೆದುಕೊಂಡಳು. ಬಸ್ಸು ಹೊರಟಿತು.

ನಾನು ಖಾಲಿ ಕಾರಿನಲ್ಲಿ ಅದರ ಹಿಂದೆ ಹೊರಟೆ. ಈ ಸಲ ದಾಟಿ ಹೋಗುವ ಮನಸ್ಸಾಗಲಿಲ್ಲ. ಮುಂದೆ ಹೋಗಿ ಮಾಡುವುದೇನು, ನಾನು ಒಯ್ಯಬೇಕಾದದ್ದು ಆ ಬಸ್ಸಿನಲ್ಲಿತ್ತು. ಬಸ್ಸು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ನಿಂತೆ. ಹಂಪು ಬಂದಾಗ ಹಿಂದಿನ ಗಾಜಿನಲ್ಲಿ ತಲೆಗಳೆಲ್ಲ ಒಂದೇ ಸಲ ಅಲ್ಲಾಡುವ ಮೊದಲೇ ಬಸ್ಸು ನಡೆಯುವವರ ವೇಗಕ್ಕೆ ಇಳಿಯುತ್ತಿತ್ತು. ಹಾಗೆ ಇಳಿದಾಗೆಲ್ಲ ನನ್ನ ಬೆನ್ನ ಹಿಂದೆ ಹಾರ್ನುಗಳ ಸಂತೆ ನೆರೆಯುತ್ತಿತ್ತು. ನಾನು ನಾಲ್ಕೂ ದೀಪ ಮಿನುಗಿಸಿಕೊಂಡು, ರಸ್ತೆಯ ನಡುವಿನ ಬಿಳಿ ಗೀಟನ್ನು ಕಾರಿನ ಹೊಟ್ಟೆಯಡಿ ಹಾಕಿಕೊಂಡು ಹೋದೆ. ಒಬ್ಬನೂ ಬಸ್ಸಿನ ಹತ್ತಿರ ಸುಳಿಯಬಾರದು. ಹಿಂದಿನಿಂದ ಒಂದು ಟಿಪ್ಪರು ನುಗ್ಗಲು ನೋಡಿತು, ಬಿಡಲಿಲ್ಲ. ಒಬ್ಬ ಬೈಕಿನವ ನನ್ನ ಕಿಟಕಿಯ ಪಕ್ಕಕ್ಕೆ ಬಂದು, ನನಗೆ ಲೈಸೆನ್ಸ್ ಕೊಟ್ಟವರ ಬಗ್ಗೆ, ನನ್ನ ವಯಸ್ಸಿನ ಬಗ್ಗೆ, ಮನೆಯಲ್ಲಿರಬೇಕಾದವರು ರಸ್ತೆಗೆ ಯಾಕೆ ಬರುತ್ತಾರೆಂಬುದರ ಬಗ್ಗೆ ವಿವರವಾಗಿ ಮಾತಾಡಿ ಮುಂದೆ ಹೋದ. ಎಲ್ಲ ನನ್ನದೇ ಮಾತುಗಳು, ಇನ್ನೂ ಸ್ವಲ್ಪ ಚೆನ್ನಾಗಿ ಹೇಳಬಹುದಿತ್ತು.

ಕೋಣಂದೂರಿನ ಹತ್ತಿರ ಹೆದರಿಕೆ ಹುಟ್ಟಿತು. ಎದುರಿಂದ ಲಾರಿ ಬರುತ್ತಿತ್ತು, ನನ್ನನ್ನೂ ಬಸ್ಸನ್ನೂ ಒಟ್ಟಿಗೆ ದಾಟುವ ಹುರುಪಿನಲ್ಲಿ ಒಂದು ಕಾರು ಬಲಕ್ಕೆ ಬಂದು, ದಾರಿ ಸಾಲದೆ ಬಸ್ಸಿನ ಪಕ್ಕಕ್ಕೆ ಒತ್ತಿಕೊಂಡಿತು. ಬಸ್ಸು ಈಗ ಬ್ರೇಕು ಹಾಕುತ್ತದೆ, ಎಲ್ಲ ಮುಗಿಯಿತು ಎಂದುಕೊಂಡೆ. ಬಸ್ಸು ಬ್ರೇಕು ಹಾಕಲಿಲ್ಲ. ಸುಮ್ಮನೆ ಎಡಕ್ಕೆ ಸರಿದು, ಮಣ್ಣಿಗೆ ಒಂದು ಚಕ್ರ ಇಳಿಸಿ, ಲಾರಿಗೂ ಆ ಕಾರಿಗೂ ಇಬ್ಬರಿಗೂ ಜಾಗ ಬಿಟ್ಟು, ಮತ್ತೆ ರಸ್ತೆಗೆ ಹತ್ತಿತು. ಡ್ರೈವರ್ ಹಾರ್ನ್ ಕೂಡ ಹೊಡೆಯಲಿಲ್ಲ. ಅವನು ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗಲಿ ಬಿಡಿ ಎಂಬಂತೆ ಬೀಸಿದ್ದು ಕಂಡಿತು. ಇಷ್ಟು ವರ್ಷ ಯಾವ ಬಸ್ಸು ಯಾಕೆ ನಿಧಾನ ಹೋಗುತ್ತದೆಂದು ನಾನು ಕೇಳಿದವನಲ್ಲ. ಪ್ರತಿಯೊಂದರಲ್ಲೂ ಯಾರದೋ ಮಡಿಲಲ್ಲಿ ಒಂದು ಡಬ್ಬ ಇರುತ್ತದೆಂದು ಹೇಳಲು ನಾನು ಹೊರಟಿಲ್ಲ, ಬಹಳ ಬಸ್ಸುಗಳು ಸುಮ್ಮಸುಮ್ಮನೆಯೂ ನಿಧಾನ ಹೋಗುತ್ತವೆ. ಆದರೆ ಅವತ್ತು ಆ ಡ್ರೈವರಿನ ಮೇಲೆ ನನಗೆ ಪ್ರೀತಿ ಉಕ್ಕಿತು. ಅವನು ಮುಂದೆ ಎದುರಿನ ಬಸ್ಸಿನವನ ಜೊತೆ ಕಿಟಕಿ ಮಾತಿಗೆ ನಿಂತಾಗ, ಸಾಕಷ್ಟು ಮಾತಾಡಲಿ, ಡಬ್ಬಕ್ಕೆ ವಿಶ್ರಾಂತಿ ಎಂದು ಇಂಜಿನ್ ಬಂದ್ ಮಾಡಿ ಕೂತೆ.

ತೀರ್ಥಹಳ್ಳಿಯಲ್ಲಿ ಬಸ್ಸಿಳಿದ ಅವಳನ್ನೂ ಡಬ್ಬಗಳನ್ನೂ ಕಾರಿಗೆ ಹಾಕಿಕೊಳ್ಳಲು ಹೋದೆ. ಅವಳು ಬೇಡ ಅಂದಳು. ಮದುವೆ ಛತ್ರ ಹತ್ತಿರದಲ್ಲೇ ಇತ್ತು. ಒಂದು ಡಬ್ಬ ತಾನು ಹೊತ್ತು, ಇನ್ನೊಂದನ್ನು ನನ್ನ ಕೈಗೆ ಕೊಟ್ಟು ನಡೆಸಿಕೊಂಡೇ ಹೋದಳು. ನಾನು ಅಷ್ಟು ಮೆಲ್ಲಗೆ ನಡೆದದ್ದು ನಮ್ಮ ಮದುವೆಯ ಸಪ್ತಪದಿಯಲ್ಲೂ ಇಲ್ಲ. ಒಬ್ಬ ಸ್ಕೂಟರಿನವ ಹಿಂದಿನಿಂದ ಹಾರ್ನ್ ಮಾಡಿದ. ನಿಂತು ದಾರಿ ಬಿಟ್ಟೆ.

ಗಣಪಣ್ಣ ಅಡುಗೆಮನೆಯ ಹೊರಗೆ ಬೆಂಚಿನ ಮೇಲೆ ತರಕಾರಿ ಹೆಚ್ಚುತ್ತಾ ಕೂತಿದ್ದರು. ಕೈ ಒರೆಸಿಕೊಂಡು ಎದ್ದು ಬಂದು ಮುಚ್ಚಳ ತೆಗೆದರು. ವಿಶಾಲಾಕ್ಷಿ ಅವರ ಮುಖ ನೋಡಲಿಲ್ಲ, ಚಪ್ಪರದ ಕಂಬ ನೋಡುತ್ತಾ ನಿಂತಳು. ಗಣಪಣ್ಣ ಒಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು, ಅದರೊಳಗಿಂದ ಬಿಸಿಲು ಕಂಡಿತು. ಇನ್ನೊಂದು ಎತ್ತಿದರು. ತಳದವರೆಗೆ ಕೈ ಹಾಕಿ ತೆಗೆದರು. ಎರಡನೆಯ ಡಬ್ಬವನ್ನೂ ನೋಡಿದರು, ಅದರ ಮೇಲಿನ ಸಾಲು ಖಾಲಿಯಿದ್ದದ್ದರ ಬಗ್ಗೆ ಏನೂ ಕೇಳಲಿಲ್ಲ. ಮುಚ್ಚಳ ಹಾಕಿ, ಮುಂದಿನ ವಾರ ಎರಡು ಮದುವೆ ಇದೆ, ನಾಲ್ಕು ಡಬ್ಬ ಕಳಿಸು ತಂಗಿ ಅಂದರು. ವಿಶಾಲಾಕ್ಷಿ ಆಯ್ತು ಅಂದಳು. ಅಷ್ಟು ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ನನಗೂ ಒಂದು ನಮೂನೆ ಆಯಿತು, ಬಾಳೆಎಲೆಯ ಕಟ್ಟಿನ ಕಡೆ ತಿರುಗಿ ನಿಂತೆ.

ನಾನು ಸಾವರಿಸಿಕೊಂಡು ಮುಂದೆ ಬಂದು, ಚಿಂತೆ ಬೇಡ ಗಣಪಣ್ಣ, ನಾಲ್ಕಲ್ಲ ಎಂಟಿದ್ದರೂ ನಮ್ಮ ಕಾರಿದೆ, ನಾನೇ ತಂದು ಮುಟ್ಟಿಸುತ್ತೇನೆ ಅಂದೆ. ಗಣಪಣ್ಣ ನನ್ನ ಹೆಂಡತಿಯ ಮುಖ ನೋಡಿದರು. ಅವಳು ತೊಡೆದೇವನ್ನೆಲ್ಲ ಅವರ ಬುಟ್ಟಿಗೆ ಇಳಿಸಿ, ಸೀರೆಗಳನ್ನು ಕೊಡವಿ ಮಡಚಿ, ಖಾಲಿ ಡಬ್ಬಗಳನ್ನು ನನ್ನ ಕೈಗೆ ಕೊಟ್ಟಳು.

"ಎಲ್ಲಾ ಆನೇ ಬಸ್ಸಿಗೆ ತಗಂಡು ಬತ್ತಿ," ಅಂದಳು. "ಈಗ ಆನು ವಾಪಸ್ಸೂ ಬಸ್ಸಿಗೇ ಹೋಗ್ತಿ. ನಿಂಗೊ ಖಾಲಿ ಡಬ್ಬ ತಗಂಡು ಬನ್ನಿ. ಅದು ಒಡಿತಿಲ್ಲೆ."